ಹೊತ್ತವರನ್ನೇ ಕೇಳಮ್ಮ, ಭಾರ ಎಷ್ಟೆಂದು

ವಿಶಾಖಪಟ್ಟಣ, ವಿಜಯವಾಡ ಎರಡೂ ಕಡೆ ಮೂಟೆ ಹೊರುವವರ, ಗಾರೆ ಕೆಲಸದವರ ಮೈಮೇಲೆ ಬೀಳುವ ಶ್ರಮ ಎಷ್ಟೆಂದು ಅಳೆಯಲು ಹೊರಟಿದ್ದೀಯ. ಹೋಗುವ ಮುಂಚೆ ನಾಲ್ಕು ಮಾತು ಬರೆದುಕೊಡಿ ಮಾವ ಅಂದೆ. ಆ ಸೀಮೆಯ ಕಾರ್ಖಾನೆ, ಗೋದಾಮುಗಳಲ್ಲಿ ಸುರಕ್ಷತೆಯ ಕೆಲಸ ಮಾಡಿಕೊಂಡೇ ನನ್ನ ತಲೆ ನರೆಯಿತು. ತೂಕ ಅಳೆಯಲು ಕಾಟಾ ಇದೆ, ನಾಡಿ ನೋಡಲು ಗಡಿಯಾರ ಇದೆ. ಹೊರುವವನಿಗೆ ಎಷ್ಟು ಭಾರ ಅನ್ನಿಸಿತು ಎಂಬುದಕ್ಕೆ ಮಾತ್ರ ಅವನ ಬಾಯಿಮಾತೇ ಆಧಾರ. ಆ ಮಾತನ್ನು ಸರಿಯಾಗಿ ಕೇಳಿ ಪಡೆದರೆ ಅದೂ ಒಂದು ಅಳತೆಯೇ, ಅದಕ್ಕೂ ಶಾಸ್ತ್ರವಿದೆ. ಅಡ್ಡಾದಿಡ್ಡಿ ಕೇಳಿದರೆ ಕಾಗದ ತುಂಬುತ್ತದೆ, ಸತ್ಯ ಸಿಗುವುದಿಲ್ಲ. ನನಗೆ ತಿಳಿದದ್ದನ್ನು ಬರೆದಿದ್ದೇನೆ. ನಿನ್ನ ಜೊತೆಯ ಹುಡುಗರಿಗೂ ಓದಿಸು.

ಹೊರಡುವ ಮುಂಚೆ

• ಶ್ರಮವನ್ನು ಬಾಯಿಮಾತಿನಿಂದ ಅಳೆಯುವ ಅಳತೆಗೋಲು ಎಲ್ಲಿಂದ ಬಂತು ಎಂದು ಮೊದಲು ತಿಳಿದುಕೋ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ರೂಪಿಸಿದ್ದು ಅದು. ಅದರಲ್ಲಿ 6ರಿಂದ 20ರವರೆಗೆ ಅಂಕಿಗಳಿವೆ. 6 ಎಂದರೆ ಶ್ರಮವೇ ಇಲ್ಲ. 9 ತುಂಬಾ ಹಗುರ, 11 ಹಗುರ, 13 ಒಂದಿಷ್ಟು ಕಷ್ಟ, 15 ಕಷ್ಟ, 17 ಬಹಳ ಕಷ್ಟ, 19 ತೀರಾ ಕಷ್ಟ. 20 ಎಂದರೆ ಇದರಾಚೆ ಸಾಧ್ಯವೇ ಇಲ್ಲ.

• 6ರಿಂದ ಯಾಕೆ ಶುರು ಎಂದು ಎಲ್ಲರೂ ಕೇಳುತ್ತಾರೆ, ನೀನೂ ಉತ್ತರ ಇಟ್ಟುಕೊಂಡಿರು. ಆರೋಗ್ಯವಾಗಿರುವ ವಯಸ್ಕರಲ್ಲಿ ಹೇಳಿದ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚು ಕಡಿಮೆ ಆ ಹೊತ್ತಿನ ಹೃದಯ ಬಡಿತ ಬರಬೇಕು ಎಂಬ ಅಂದಾಜಿನ ಮೇಲೆ ಬೋರ್ಗ್ ಅದನ್ನು ಕಟ್ಟಿದ. ಸುಮ್ಮನೆ ಕೂತಾಗ ನಿಮಿಷಕ್ಕೆ 60, ಪ್ರಾಣ ಹೋಗುವಷ್ಟು ಓಡಿದಾಗ 200. ಇದು ಅಂದಾಜು ಮಾತ್ರ. ವಯಸ್ಸು, ಬಿಸಿಲು, ಬಿ.ಪಿ. ಮಾತ್ರೆ ಎಲ್ಲವೂ ಆ ಲೆಕ್ಕವನ್ನು ಕೆಡಿಸುತ್ತವೆ. 13 ಎಂದವನ ನಾಡಿ 130 ಇರಲಿಲ್ಲವೆಂದು ಅವನು ಸುಳ್ಳು ಹೇಳಿದ ಎಂದು ಬರೆದುಬಿಡಬೇಡ.

• ಇಡೀ ದೇಹದ ದಣಿವಿಗೆ ಒಂದು ಗೋಲು, ಒಂದು ಅಂಗದ ನೋವಿಗೆ ಇನ್ನೊಂದು. ಸೊಂಟ, ಕತ್ತು, ಮಣಿಕಟ್ಟು ಎಷ್ಟು ನೋಯುತ್ತಿದೆ ಎಂದು ಕೇಳಲು ಬೋರ್ಗ್‌ನದೇ 0ಯಿಂದ 10ರವರೆಗಿನ ಎರಡನೆಯ ಗೋಲು ಒಳ್ಳೆಯದು. 1982ರಲ್ಲಿ ಬಂದದ್ದು. ಅದರ ಜೊತೆಗೆ ಮನುಷ್ಯನ ಮುಂಬದಿ, ಹಿಂಬದಿಯ ಚಿತ್ರ ಬರೆದ ಒಂದು ಹಾಳೆ ಇಟ್ಟುಕೋ. ಕಾರ್ಲೆಟ್, ಬಿಷಪ್ ಎಂಬಿಬ್ಬರು 1976ರಲ್ಲಿ ತೋರಿಸಿಕೊಟ್ಟ ದಾರಿ ಅದು. ಓದು ಬಾರದವರೂ ನೋವಿರುವ ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

• ನಮ್ಮ ದೇಶದಲ್ಲೇ ಪಳಗಿಸಿದ ಗೋಲೂ ಇದೆ, ಮರೆಯಬೇಡ. ವರ್ಗೀಸ್, ಸಹಾ, ಆತ್ರೇಯ ಎಂಬ ಸಂಶೋಧಕರು 1994ರಲ್ಲಿ ಭಾರತದ ಹೆಂಗಸರ ದುಡಿಮೆಗೆ ಹೊಂದುವಂತೆ ಐದೇ ಮೆಟ್ಟಿಲಿನ ಗೋಲು ಕೊಟ್ಟರು: ತುಂಬಾ ಹಗುರ, ಹಗುರ, ಮಧ್ಯಮ, ಭಾರ, ತುಂಬಾ ಭಾರ. ಗೃಹವಿಜ್ಞಾನ ಕಾಲೇಜುಗಳವರು ಹೊಲದ ಕೆಲಸ, ಮನೆಯ ಕೆಲಸ ಅಳೆಯಲು ಇದನ್ನೇ ಹಿಡಿದಿದ್ದಾರೆ. 6ರಿಂದ 20ರ ಪಟ್ಟಿ ಅರ್ಥವಾಗದವರಿಗೆ ಇದನ್ನು ಕೊಡು. ಐದು ಬೆರಳಿನಲ್ಲಿ ಉತ್ತರ ಬರುತ್ತದೆ. ಆದರೆ ಒಬ್ಬರಿಗೆ ಒಂದು ಗೋಲು, ಇನ್ನೊಬ್ಬರಿಗೆ ಇನ್ನೊಂದು ಹಿಡಿದು ಕೊನೆಗೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡ.

• ಗೋಲಿನ ಅಂಕಿ, ಪದಗಳನ್ನು ಬರೆದು ತೋರಿಸುವ ಕಾರ್ಡನ್ನು ತೆಲುಗಿನಲ್ಲೇ ಮಾಡಿಸು, ಅದೂ ದುಡಿಯುವವರ ತೆಲುಗಿನಲ್ಲಿ. ನಮಗೆ ‘ಆಯಾಸ’ ಎಂದರೆ ದಣಿವು. ಅಲ್ಲಿ ‘ಆಯಾಸಂ’ ಎಂದರೆ ಏದುಸಿರು, ಉಬ್ಬಸ. ನೀನು ಸುಸ್ತಾಯಿತೇ ಎಂಬ ಅರ್ಥದಲ್ಲಿ ಕೇಳಿದರೆ ಅವನು ಉಸಿರು ಕಟ್ಟುತ್ತಿಲ್ಲ ಎಂಬ ಅರ್ಥದಲ್ಲಿ ಇಲ್ಲ ಎನ್ನುತ್ತಾನೆ, ಇಡೀ ಅಂಕಣ ತಪ್ಪಾಗುತ್ತದೆ. ದಣಿವಿಗೆ ‘ಅಲಸಟ’, ಹಗುರಕ್ಕೆ ‘ತೇಲಿಕ’ ಎನ್ನು. ಒಡಿಶಾ, ಬಿಹಾರದ ಕಡೆಯಿಂದ ಬಂದವರೂ ಇರುತ್ತಾರೆ, ಅವರಿಗೆ ಒಡಿಯಾ, ಹಿಂದಿ ಕಾರ್ಡು ಬೇರೆ ಇರಲಿ. ಯಾವ ಭಾಷೆಯದೇ ಆಗಲಿ, ಅದೇ ಕೆಲಸ ಮಾಡುವ ನಾಲ್ಕಾರು ಜನರ ಮುಂದೆ ಮೊದಲು ಓದಿಸಿ ನೋಡು. ಅವರಿಗೆ ತಿಳಿಯದ ಪದ ಕಾರ್ಡಿನಲ್ಲಿರಬಾರದು.

• ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಹೊರಡು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಒಂದು ಸಲವಾದರೂ ಪೂರ್ತಿ ಓದು. ಅನುಮಾನ ಬಂದರೆ ಅದೇ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, ಹೋಗಿ ವಿಚಾರಿಸು.

ಜಾಗ ನೋಡಿಕೊಳ್ಳುವಾಗ

• ಮೊದಲ ದಿನ ಶ್ರಮದ ಬಗ್ಗೆ ಯಾರನ್ನೂ ಏನೂ ಕೇಳಬೇಡ. ಸುಮ್ಮನೆ ನಿಂತು ನೋಡು. ವಿಜಯವಾಡದಲ್ಲಿ ಗೊಲ್ಲಪೂಡಿಯ ಸಗಟು ಮಾರುಕಟ್ಟೆಗೆ ಹೋಗು, ರೈಲ್ವೆ ಗೂಡ್ಸ್ ಶೆಡ್ಡಿಗೆ ಹೋಗು. ವಿಶಾಖದಲ್ಲಿ ಮೀನುಗಾರಿಕೆ ಬಂದರಿಗೆ ನಸುಕಿನಲ್ಲೇ ಹೋಗು. ಕೆಲಸ ಯಾವಾಗ ಶುರುವಾಗುತ್ತದೆ, ಯಾವಾಗ ರಭಸ ಏರುತ್ತದೆ, ಚಹಾ ಎಷ್ಟು ಹೊತ್ತಿಗೆ, ನೀರಿನ ಬಿಂದಿಗೆ ಎಲ್ಲಿದೆ, ನೆರಳು ಎಲ್ಲಿದೆ ಎಂದು ಗುರುತು ಹಾಕಿಕೋ. ಮೂಟೆ ಹೊರುವವರನ್ನು ವಿಜಯವಾಡದಲ್ಲಿ ಮುಠಾ ಕಾರ್ಮಿಕರೆಂದು ಕೇಳು, ವಿಶಾಖದ ಕಡೆ ಕಳಾಸಿಗಳೆಂದು ಕೇಳು, ಜಾಗ ತೋರಿಸುತ್ತಾರೆ.

• ಹೊರುವವನನ್ನು ಮಾತ್ರ ನೋಡಬೇಡ, ಎತ್ತಿಕೊಡುವವರನ್ನೂ ನೋಡು. ಲಾರಿಗೆ ಅಕ್ಕಿ ತುಂಬುವಾಗ ಇಬ್ಬರು ಬಗ್ಗಿ ಚೀಲದ ಎರಡೂ ಕಿವಿ ಹಿಡಿದು, ಒಂದು ಸಲ ಜೋಲಿ ಹೊಡೆದು, ಮೂರನೆಯವನ ಬೆನ್ನಿಗೆ ಏರಿಸುತ್ತಾರೆ. ಅವನು ಮುಂಡಾಸಿನ ಬಟ್ಟೆಯನ್ನು ಕತ್ತಿನ ಬುಡಕ್ಕೆ ಸರಿಸಿಕೊಂಡು, ಹಲಗೆಯ ಮೇಲೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಹತ್ತಿ, ಒಳಗೆ ಚೀಲ ಒಗೆದು ಬರಿಗೈಯಲ್ಲಿ ಇಳಿದು ಬರುತ್ತಾನೆ. ಬರುವ ದಾರಿಯಲ್ಲಿ ಅವನಿಗೆ ಒಂದಿಷ್ಟು ಬಿಡುವು. ಎತ್ತಿಕೊಡುವ ಇಬ್ಬರಿಗೆ ಅದೂ ಇಲ್ಲ. ಒಬ್ಬ ಹೋದರೆ ಇನ್ನೊಬ್ಬ ಬೆನ್ನು ಕೊಟ್ಟು ನಿಂತಿರುತ್ತಾನೆ, ಪ್ರತಿ ಚೀಲಕ್ಕೂ ಇವರ ಸೊಂಟ ನೆಲಮಟ್ಟಕ್ಕೆ ಬಗ್ಗಲೇಬೇಕು. ಹೊತ್ತವನಿಗೆ ಏದುಸಿರು ಹೆಚ್ಚು, ಎತ್ತಿದವರಿಗೆ ಸೊಂಟನೋವು ಹೆಚ್ಚು. ಇಬ್ಬರನ್ನೂ ಕೇಳಿ ಬೇರೆ ಬೇರೆ ಬರೆದುಕೋ.

• ಚೀಲವನ್ನು ನೀನೇ ತೂಗು. ಸಿಮೆಂಟ್ ಚೀಲ 50 ಕಿಲೋ, ಈಗಿನ ಯೂರಿಯಾ ಚೀಲ 45 ಕಿಲೋ ಎಂದು ಮೇಲೆ ಅಚ್ಚಾಗಿರುತ್ತದೆ. ಒದ್ದೆಯಾದ ಗೋಣಿ, ಮಂಜುಗಡ್ಡೆ ತುಂಬಿದ ಮೀನಿನ ಬುಟ್ಟಿ, ಕಾಂಕ್ರೀಟಿನ ಬಾಂಡ್ಲಿಗೆ ಹಾಗೆ ಅಚ್ಚು ಇರುವುದಿಲ್ಲ. ತೂಕದ ಜೊತೆಗೆ ಎಷ್ಟು ಎತ್ತರಕ್ಕೆ ಎತ್ತಿದರು, ಎಷ್ಟು ದೂರ ಹೊತ್ತರು, ಹಲಗೆ ಎಷ್ಟು ಇಳಿಜಾರು, ನಿಮಿಷಕ್ಕೆ ಎಷ್ಟು ಚೀಲ ಎಂದೂ ಬರೆ. ಇವಿಲ್ಲದೆ 15 ಅಥವಾ 17 ಎಂಬ ಅಂಕಿ ಮಾತ್ರ ಬರೆದುಕೊಂಡರೆ ಮುಂದೆ ಏನನ್ನು ಬದಲಿಸಬೇಕೆಂದು ಗೊತ್ತಾಗುವುದಿಲ್ಲ.

• ದಿನದ ಒಟ್ಟು ಭಾರವನ್ನು ಕೂಡಿ ನೋಡು. ಒಂದು ಮುಚ್ಚಿದ ವ್ಯಾಗನ್ನಿನಲ್ಲಿ 60 ಟನ್ ಸರಕು ಇದೆ ಎಂದುಕೋ. 50 ಕಿಲೋದ ಚೀಲವಾದರೆ 1,200 ಆಯಿತು. ಎಂಟು ಜನ ಹಂಚಿಕೊಂಡರೆ ತಲೆಗೆ 150 ಚೀಲ, ಅಂದರೆ ಏಳೂವರೆ ಟನ್. ವ್ಯಾಗನ್ನು ನಿಗದಿತ ಗಂಟೆಯೊಳಗೆ ಖಾಲಿಯಾಗದಿದ್ದರೆ ಸರಕಿನವರ ಮೇಲೆ ಡೆಮರೇಜ್ ಎಂಬ ದಂಡ ಬೀಳುತ್ತದೆ, ಆದ್ದರಿಂದ ಅವಸರ ಮೇಲಿನಿಂದಲೇ ಬರುತ್ತದೆ. ಒಂದು ಚೀಲ ಭಾರವೇ ಎಂದು ಕೇಳಿದರೆ ಹಳಬ ನಕ್ಕು ಇಲ್ಲ ಎನ್ನುತ್ತಾನೆ. ನೂರನೆಯ ಚೀಲದ ಹೊತ್ತಿಗೆ ಕೇಳು, ಉತ್ತರ ಬೇರೆ ಇರುತ್ತದೆ.

• ಎರಡೂ ಊರಿನ ಸೆಕೆ ಒಂದೇ ಅಲ್ಲ. ವಿಜಯವಾಡದ ಮೇ ತಿಂಗಳು ಬೆಂಕಿಯ ಹಾಗೆ, 45 ಡಿಗ್ರಿಯ ಆಸುಪಾಸು ಹೋಗುತ್ತದೆ. ವಿಶಾಖದಲ್ಲಿ ಅಷ್ಟು ಏರುವುದು ಅಪರೂಪ, ಆದರೆ ಸಮುದ್ರದ ತೇವಕ್ಕೆ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣ್ಣಗಾಗದು. ಬರೀ ಉಷ್ಣಮಾಪಕ ನೋಡಿ ವಿಶಾಖ ಹಾಯಾಗಿದೆ ಎಂದು ಬರೆದುಬಿಟ್ಟೀಯ. ಉಷ್ಣಮಾಪಕದ ಒಣ ಬುರುಡೆ (ಡ್ರೈ ಬಲ್ಬ್), ಒದ್ದೆ ಬುರುಡೆ (ವೆಟ್ ಬಲ್ಬ್) ಎರಡರ ಅಳತೆಯನ್ನೂ, ಬಿಸಿಲೋ ನೆರಳೋ, ಗಾಳಿ ಇತ್ತೋ ಇಲ್ಲವೋ ಎಂಬುದನ್ನೂ ಪ್ರತಿ ಉತ್ತರದ ಪಕ್ಕದಲ್ಲಿ ನಮೂದಿಸು. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ನೆಲದಲ್ಲಿ ಬಿಸಿಲನ್ನು ಬಿಟ್ಟು ಶ್ರಮವನ್ನು ಅಳೆಯಲಾಗದು.

ಕೇಳುವಾಗ

• ಮರ್ಯಾದೆಯಿಂದ ಮಾತಾಡಿಸು. ನಿನ್ನ ವಯಸ್ಸಿನವನಾದರೆ ‘ಅನ್ನಾ’, ತಲೆ ನರೆತವನಾದರೆ ‘ಬಾಬಾಯ್’, ಹೆಂಗಸಾದರೆ ‘ಅಕ್ಕಾ’, ‘ಅಮ್ಮಾ’ ಎನ್ನು. ‘ಮೀರು’ (ನೀವು) ಬಿಟ್ಟು ‘ನುವ್ವು’ (ನೀನು) ಎನ್ನಬೇಡ. ಕೈಯಲ್ಲಿ ಕಾಗದ ಹಿಡಿದವರು ಯಾರೇ ಆದರೂ ಸರ್ಕಾರದವರೋ ಕಂಪನಿಯವರೋ ಎಂದು ಅವರು ಅಂದುಕೊಳ್ಳುತ್ತಾರೆ. ನೀನು ಯಾರು, ಯಾಕೆ ಬಂದೆ, ಇದರಿಂದ ಅವರಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮೊದಲೇ ಬಿಡಿಸಿ ಹೇಳು. ಕೂಲಿ ಜಾಸ್ತಿ ಮಾಡಿಸುತ್ತೇನೆ ಎಂಬಂಥ ಭರವಸೆ ಕೊಡಬೇಡ.

• ಮೇಸ್ತ್ರಿ, ಗುತ್ತಿಗೆದಾರ, ಸಾಹುಕಾರ ಯಾರೂ ಹತ್ತಿರ ಇರದ ಹಾಗೆ ನೋಡಿಕೋ. ಅವರೆದುರಿಗೆ ಕೇಳಿದರೆ ಎಲ್ಲವೂ ‘ತೇಲಿಕ’ ಆಗಿಬಿಡುತ್ತದೆ. ಕಷ್ಟ ಎಂದವನನ್ನು ನಾಳೆ ಕೆಲಸಕ್ಕೆ ಕರೆಯದಿದ್ದರೆ ಅವನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಕೂಲಿ ಪರಿಷ್ಕರಣೆಯ ಮಾತುಕತೆ ನಡೆಯುತ್ತಿರುವಾಗ ಸಂಘದ ಮುಖಂಡರೆದುರು ಕೇಳಿದರೆ ಎಲ್ಲವೂ 20 ಆಗಬಹುದು. ಎರಡರಲ್ಲೂ ತಪ್ಪು ಹೇಳಿದವನದಲ್ಲ, ಕೇಳಿದ ಜಾಗದ್ದು.

• ಒಬ್ಬೊಬ್ಬರನ್ನೇ ಕೇಳು. ಗುಂಪಿನಲ್ಲಿ ಮೊದಲು ಬಾಯಿಬಿಟ್ಟವನ ಉತ್ತರವೇ ಎಲ್ಲರ ಉತ್ತರವಾಗುತ್ತದೆ. ಗಟ್ಟಿಮುಟ್ಟಾದ ಯುವಕ 11 ಎಂದರೆ, ಮಂಡಿ ನೋವಿನಲ್ಲಿ ಒದ್ದಾಡುವ ಹಿರಿಯನೂ ನಾಚಿಕೆಯಿಂದ 11 ಎನ್ನುತ್ತಾನೆ.

• ಇದು ಪರೀಕ್ಷೆಯ ಅಂಕವಲ್ಲ ಎಂದು ತಿಳಿಸಿ ಹೇಳು. ಹೆಚ್ಚು ಅಂಕ ಬಂದರೆ ಒಳ್ಳೆಯದು ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಕೆಲಸ ಚೆನ್ನಾಗಿ ಮಾಡುತ್ತೇನೆ ಎಂಬ ಅರ್ಥದಲ್ಲಿ ದೊಡ್ಡ ಅಂಕಿ ಹೇಳುವವರುಂಟು. ಮೊದಲು ಎರಡು ತುದಿಗಳನ್ನು ಅವರ ಅನುಭವದಿಂದಲೇ ಕಟ್ಟಿಕೊಡು: ಮನೆಯಲ್ಲಿ ಊಟ ಮಾಡಿ ಕೂತಾಗ ಇದ್ದದ್ದು 6, ಜೀವಮಾನದಲ್ಲೇ ಅತಿ ಕಷ್ಟವಾದ ಕೆಲಸ ಯಾವುದೋ ನೆನಪಿಸಿಕೊಳ್ಳಿ, ಅದು 19. ಈ ಎರಡು ತಲೆಯಲ್ಲಿ ಕೂತ ಮೇಲೆ ನಡುವಿನದು ತಾನಾಗಿ ಬರುತ್ತದೆ.

• ಪ್ರತಿ ಸಲವೂ ಅದೇ ವಾಕ್ಯ, ಅದೇ ದನಿ. ‘ಇಪ್ಪುಡು ಈ ಪನಿ ಮೀಕು ಎಂತ ಕಷ್ಟಂಗಾ ಉಂದಿ?’ (ಈಗ ಈ ಕೆಲಸ ನಿಮಗೆ ಎಷ್ಟು ಕಷ್ಟವಾಗಿದೆ?) ಎಂದು ಕೇಳಿ ಕಾರ್ಡನ್ನು ಕಣ್ಣ ಮಟ್ಟಕ್ಕೆ ಹಿಡಿ, ಸುಮ್ಮನಿರು. ‘ತುಂಬಾ ಕಷ್ಟ ಅಲ್ವಾ ಬಾಬಾಯ್’ ಎಂದು ಕನಿಕರದಿಂದ ಕೇಳಿದರೂ ಉತ್ತರವನ್ನು ನೀನೇ ಬಾಯಿಗೆ ತುರುಕಿದ ಹಾಗೆ. ಇನ್ನೊಬ್ಬರ ಜೊತೆ ಹೋಲಿಸಿಕೊಳ್ಳಬೇಡಿ, ಚೀಲದ ತೂಕ ಎಣಿಸಬೇಡಿ, ನಿಮ್ಮ ಮೈಗೆ ಈಗ ಹೇಗಿದೆ ಅಷ್ಟೇ ಹೇಳಿ ಎಂದು ಒಂದು ಸಲ ತಿಳಿಸಿದರೆ ಸಾಕು.

• ಕೆಲಸ ನಡೆಯುವಾಗಲೇ ಅಥವಾ ನಿಂತ ಕ್ಷಣದಲ್ಲೇ ಕೇಳು. ನೀರು ಕುಡಿದು, ಬೀಡಿ ಹಚ್ಚಿ, ಗಾಳಿಗೆ ಕೂತ ಮೇಲೆ ಕೇಳಿದರೆ ಎರಡು ಅಂಕಿ ಇಳಿದಿರುತ್ತದೆ. ಇಡೀ ಪಾಳಿಯ ಶ್ರಮ ಬೇಕಾದರೆ ಅದಕ್ಕೆ ಬೇರೆ ಕ್ರಮವಿದೆ. ಆಟಗಾರರಿಗಾಗಿ ಅಮೆರಿಕದ ಕಾರ್ಲ್ ಫಾಸ್ಟರ್ ಬಳಸಿದ್ದು: ಕೆಲಸ ಮುಗಿದು ಅರ್ಧ ಗಂಟೆಯ ಮೇಲೆ, ಒಟ್ಟಾರೆ ಹೇಗಿತ್ತು ಎಂದು 0–10ರ ಗೋಲಿನಲ್ಲಿ ಕೇಳಿ, ಬಂದ ಅಂಕಿಯನ್ನು ದುಡಿದ ನಿಮಿಷಗಳಿಂದ ಗುಣಿಸುವುದು. 240 ನಿಮಿಷಕ್ಕೆ 6 ಎಂದರೆ 1,440. ಇಂದಿನದನ್ನು ನಿನ್ನೆಯದರ ಜೊತೆ ಹೋಲಿಸಲು ಅದು ಅನುಕೂಲ.

• ಉಸಿರಿನ ಕಷ್ಟ, ಕೈಕಾಲಿನ ಕಷ್ಟ ಎರಡನ್ನೂ ಪ್ರತ್ಯೇಕವಾಗಿ ಕೇಳು. ಮೀನಿನ ಬುಟ್ಟಿ ಹೊರುವ ಹೆಂಗಸಿಗೆ ಏದುಸಿರು ಅಷ್ಟಿಲ್ಲದಿರಬಹುದು. ಆದರೆ ಮಂಜುಗಡ್ಡೆಯ ನೀರು ಕತ್ತಿನ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ಬೆರಳು ಮರಗಟ್ಟಿರುತ್ತದೆ, ಬುಟ್ಟಿ ಅಲುಗದಂತೆ ಕತ್ತಿನ ನರಗಳು ಬಿಗಿದು ನಿಂತಿರುತ್ತವೆ. ಒಂದೇ ಅಂಕಿ ಕೇಳಿದರೆ ಆಕೆ ಹಗುರ ಎಂದಾಳು, ಕತ್ತಿನ ಕಥೆ ಬಿಟ್ಟುಹೋಗುತ್ತದೆ.

• ಹೆಂಗಸರನ್ನು ಹೆಂಗಸರೇ ಕೇಳುವುದು ಒಳ್ಳೆಯದು, ನೀನಿರುವುದೇ ಅನುಕೂಲ. ಕಟ್ಟಡದಲ್ಲಿ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುವವಳು ಬೆಳಗಿನ ಮನೆಗೆಲಸ ಮುಗಿಸಿಯೇ ಬಂದಿರುತ್ತಾಳೆ. ಎಷ್ಟು ಹೊತ್ತಿಗೆ ಎದ್ದೆ, ನೀರು ಎಲ್ಲಿಂದ ತಂದೆ ಎಂಬುದೂ ಆ ದಿನದ ಶ್ರಮದ ಭಾಗವೇ. ಕೆಲಸದ ಜಾಗದಲ್ಲಿ ಶೌಚಾಲಯ ಇದೆಯೇ ಎಂದು ಕೇಳಲೇಬೇಕು. ಇಲ್ಲದ ಕಡೆ ಅವರು ಬೇಕೆಂದೇ ನೀರು ಕುಡಿಯುವುದಿಲ್ಲ. ಆ ಬಿಸಿಲಿನಲ್ಲಿ ನೀರಿಲ್ಲದೆ ದುಡಿದರೆ ಹಗುರ ಕೆಲಸವೂ ಭಾರವಾಗುತ್ತದೆ. ಮುಟ್ಟು, ಬಸಿರಿನ ವಿಷಯ ಅವರಾಗಿ ಹೇಳಿದರೆ ಕೇಳಿಸಿಕೋ, ಕೆದಕಬೇಡ.

• ಹಸಿವು, ನಿದ್ದೆ, ಜ್ವರ, ಮಾತ್ರೆ ಇಷ್ಟನ್ನು ಕೆಲಸ ಶುರುವಾಗುವ ಮುಂಚೆಯೇ ವಿಚಾರಿಸು, ಆಗಿನ ಅಂಕಿಯನ್ನೂ ಬರೆದುಕೋ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ನೇರವಾಗಿ ಕೆಲಸಕ್ಕೆ ಇಳಿದವನು ಮೊದಲ ಚೀಲಕ್ಕೇ 13 ಎಂದರೆ ಅದು ಚೀಲದ ತಪ್ಪಲ್ಲ.

• ಅವರ ಸಮಯಕ್ಕೆ ಬೆಲೆ ಕೊಡು. ಚೀಲದ ಲೆಕ್ಕಕ್ಕೆ ಕೂಲಿ. ನಿನ್ನ ಪ್ರಶ್ನೆಗೆ ನಿಂತಷ್ಟು ಹೊತ್ತು ಅವನ ಸಂಪಾದನೆ ನಿಲ್ಲುತ್ತದೆ, ಜೊತೆಯವರ ಸಾಲೂ ಕೆಡುತ್ತದೆ. ಅರ್ಧ ನಿಮಿಷದಲ್ಲಿ ಮುಗಿಸು, ಉಳಿದ ವಿಚಾರಣೆ ಊಟದ ಹೊತ್ತಿಗೆ ಇಟ್ಟುಕೋ. ಆ ಹೊತ್ತಿಗೆ ತಕ್ಕ ಹಣ ಕೊಡಲು ಯೋಜನೆಯ ಖರ್ಚಿನಲ್ಲೇ ಮೊದಲೇ ತೆಗೆದಿಡು.

ನಾಡಿ ನೋಡುವಾಗ

• ಮಾತಿನ ಅಂಕಿಯ ಜೊತೆಗೆ ನಾಡಿಯನ್ನೂ ಎಣಿಸಿದರೆ ಎರಡಕ್ಕೂ ಬಲ. ದುಬಾರಿ ಉಪಕರಣ ಇಲ್ಲದಿದ್ದರೂ ಆಗುತ್ತದೆ. ಕೆಲಸ ನಿಂತ ತಕ್ಷಣ ಮೊದಲ ಬಡಿತವನ್ನು ಸೊನ್ನೆ ಎಂದು ಹಿಡಿದು ಹತ್ತು ಬಡಿತಕ್ಕೆ ಎಷ್ಟು ಸೆಕೆಂಡು ಎಂದು ನೋಡು. 600ನ್ನು ಆ ಸೆಕೆಂಡುಗಳಿಂದ ಭಾಗಿಸು. ಐದು ಸೆಕೆಂಡಾದರೆ ನಿಮಿಷಕ್ಕೆ 120, ನಾಲ್ಕಾದರೆ 150. ತಡ ಮಾಡಿದರೆ ನಾಡಿ ಇಳಿದುಹೋಗುತ್ತದೆ. ಮಣಿಕಟ್ಟು ಮುಟ್ಟುವ ಮುಂಚೆ ಅನುಮತಿ ಕೇಳು.

• ಎಷ್ಟಕ್ಕೆ ಏರಿತು ಎಂಬುದರಷ್ಟೇ ಎಷ್ಟು ಬೇಗ ಇಳಿಯಿತು ಎಂಬುದೂ ಮುಖ್ಯ. ಲೂಸಿಯನ್ ಬ್ರೂಹಾ ಎಂಬ ಶರೀರಶಾಸ್ತ್ರಜ್ಞ ಹಾಕಿಕೊಟ್ಟ ಲೆಕ್ಕ ಇಂದಿಗೂ ಉಪಯುಕ್ತ: ಕೆಲಸ ನಿಂತ ಮೊದಲ ನಿಮಿಷದಲ್ಲಿ ನಾಡಿ 110ರೊಳಗೆ ಬರಬೇಕು, ಮೂರನೆಯ ನಿಮಿಷಕ್ಕೆ ಇನ್ನೂ ಹತ್ತಾದರೂ ಇಳಿಯಬೇಕು. ಇಳಿಯದಿದ್ದರೆ ಬಿಡುವು ಸಾಲುತ್ತಿಲ್ಲ, ದಣಿವು ಒಂದರ ಮೇಲೊಂದು ಕೂಡಿಕೊಳ್ಳುತ್ತಿದೆ ಎಂದರ್ಥ.

• ನಾಡಿಗೂ ಮಾತಿಗೂ ತಾಳೆಯಾಗದಿದ್ದರೆ ಮಾತನ್ನು ಅಳಿಸಬೇಡ. ಬಡಿತ 150, ಬಾಯಲ್ಲಿ 11 ಎಂದರೆ ಹೆದರಿಕೆಯಿರಬಹುದು, ರೂಢಿಯಿರಬಹುದು. ಬಡಿತ 100, ಬಾಯಲ್ಲಿ 17 ಎಂದರೆ ಬೆನ್ನೋ ಮಂಡಿಯೋ ನೋಯುತ್ತಿರಬಹುದು, ಬಿ.ಪಿ. ಮಾತ್ರೆ ನಾಡಿಯನ್ನು ಹಿಡಿದಿರಬಹುದು. ಇಂಥ ಕಡೆಯೇ ನಿಂತು ಇನ್ನೆರಡು ಮಾತು ಕೇಳಬೇಕು.

ಅಪಾಯದ ಗುರುತು

• ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ, ತೊದಲು, ಅಸಂಬದ್ಧ ಮಾತು, ಮೈ ಕೆಂಡವಾಗಿಯೂ ಬೆವರು ನಿಂತುಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅಳತೆ ಅಲ್ಲಿಗೇ ನಿಲ್ಲಲಿ. ಮೊದಲು 108ಕ್ಕೆ ಫೋನ್ ಮಾಡು. ಮೈ ಸುಡುತ್ತಿದ್ದರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡ. ವಿಶಾಖದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆ, ವಿಜಯವಾಡದಲ್ಲಿ ಸರ್ಕಾರಿ ಆಸ್ಪತ್ರೆ ನೀನು ನಿಂತ ಜಾಗದಿಂದ ಎಷ್ಟು ದೂರ ಎಂದು ಹಿಂದಿನ ದಿನವೇ ನೋಡಿಟ್ಟಿರು.

• 17 ದಾಟಿದ ಉತ್ತರವನ್ನು ಸುಮ್ಮನೆ ಬರೆದುಕೊಂಡು ಮುಂದೆ ಹೋಗಬೇಡ. ಒಂದು ಗಳಿಗೆ ಕೂತುಕೊಳ್ಳಿ ಎಂದು ಹೇಳು, ನೀರು ಕೊಡು.

ಲೆಕ್ಕ ಹಾಕುವಾಗ

• ಸರಾಸರಿ 13.47 ಎಂದು ಬರೆಯಬೇಡ. ಇವು ಮೆಟ್ಟಿಲಿನ ಅಂಕಿಗಳು, ಕಾಟಾದ ಕಿಲೋಗಳಲ್ಲ. ನಡುವಿನ ಅಂಕಿ ಯಾವುದು, ಅತಿ ಕಡಿಮೆ ಯಾವುದು, ಅತಿ ಹೆಚ್ಚು ಯಾವುದು, 15 ದಾಟಿದವರು ಎಷ್ಟು ಜನ ಎಂದು ತೋರಿಸು. ಸರಾಸರಿಯಲ್ಲಿ ಗಟ್ಟಿಗರ ಹಗುರವೂ ವಯಸ್ಸಾದವರ ಕಷ್ಟವೂ ಕಲಸಿ ಯಾರದೂ ಅಲ್ಲದ ಒಂದು ಅಂಕಿ ಬರುತ್ತದೆ.

• ಒಬ್ಬರನ್ನು ಇನ್ನೊಬ್ಬರ ಜೊತೆ ತೂಗುವುದಕ್ಕಿಂತ ಅದೇ ಮನುಷ್ಯನ ಬೆಳಗಿನ ಅಂಕಿಯನ್ನು ಸಂಜೆಯದರ ಜೊತೆ, ಹಲಗೆಯ ಮೇಲಿನದನ್ನು ನೆಲದ ಮೇಲಿನದರ ಜೊತೆ ಇಟ್ಟು ನೋಡು. ಬದಲಿಸಬೇಕಾದದ್ದು ಅಲ್ಲಿ ಕಾಣುತ್ತದೆ.

• ಹೆಸರು ಬರೆಯಬೇಡ, ಕ್ರಮಸಂಖ್ಯೆ ಹಾಕು. ನಿನ್ನ ಹಾಳೆಯನ್ನು ಗುತ್ತಿಗೆದಾರ ಕೇಳಿದರೂ ಕೊಡಬೇಡ. ಯಾರಿಗೆ ಹೆಚ್ಚು ಕಷ್ಟವಾಗುತ್ತಿದೆ ಎಂಬ ಪಟ್ಟಿ ಅವನ ಕೈಗೆ ಸಿಕ್ಕರೆ ಅದು ಕೆಲಸದಿಂದ ತೆಗೆಯುವವರ ಪಟ್ಟಿಯಾಗಬಹುದು.

• ಹೊರದೇಶದ ಮಿತಿಗಳನ್ನು ತಿಳಿದುಕೋ, ಹಾಗೇ ಹೇರಬೇಡ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಎತ್ತುವ ಸೂತ್ರ ಎಲ್ಲವೂ ಅನುಕೂಲವಾಗಿದ್ದಾಗಲೇ 23 ಕಿಲೋದಿಂದ ಶುರುವಾಗುತ್ತದೆ. ಬಗ್ಗಿದರೆ, ತಿರುಗಿದರೆ, ಭಾರ ಮೈಯಿಂದ ದೂರವಿದ್ದರೆ, ಪದೇ ಪದೇ ಎತ್ತಿದರೆ ಮಿತಿ ಇಳಿಯುತ್ತ ಹೋಗುತ್ತದೆ. ಹೊತ್ತು ನಡೆಯುವುದು, ಹಲಗೆ ಹತ್ತುವುದು, ಸುಡು ಬಿಸಿಲು ಆ ಸೂತ್ರದ ಆಚೆಗಿನವು. ಗೊಲ್ಲಪೂಡಿಯ ಲಾರಿ ಆ ಸೂತ್ರದೊಳಗೆ ಹಿಡಿಸುವುದಿಲ್ಲ. ಅದಕ್ಕೇ ಹೊತ್ತವನ ಮಾತು ನಮಗೆ ಅಷ್ಟು ಬೇಕಾದದ್ದು.

ಅಳೆದ ಮೇಲೆ

• ಕಾನೂನು ಗೊತ್ತಿರಲಿ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಸೆಕ್ಷನ್ನೇ ಹೇಳಿತ್ತು. ಈಗ ಈ ವಿಷಯವೆಲ್ಲ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯ ವ್ಯಾಪ್ತಿಗೆ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಾಳಿಗೆ 55 ಕಿಲೋ ಎಂಬ ಮೇಲ್ಮಿತಿಯನ್ನು ಶಿಫಾರಸು ಮಾಡಿತು. 50 ಕಿಲೋ ಅದರೊಳಗೇ ಇದೆಯಲ್ಲ ಎಂದು ಯಾರಾದರೂ ವಾದ ಮಾಡಿದರೆ, ಒಂದು ಚೀಲದ ಮಿತಿಗೂ ದಿನಕ್ಕೆ ಏಳೂವರೆ ಟನ್ನಿಗೂ ಇರುವ ಅಂತರವನ್ನು ನಿನ್ನ ಹಾಳೆಯಿಂದಲೇ ತೋರಿಸು.

• ಎತ್ತುವ ಕ್ರಮ ಕಲಿಸಿದರೆ ಸಾಕು ಎಂಬ ಮಾತಿಗೆ ತಲೆಯಾಡಿಸಬೇಡ. ಚೀಲ ಭಾರ, ಹಲಗೆ ಕಡಿದು, ಬಿಡುವು ಇಲ್ಲ. ಇಷ್ಟನ್ನೂ ಹಾಗೇ ಬಿಟ್ಟು ಮಂಡಿ ಬಗ್ಗಿಸಿ ಎತ್ತಿ ಎಂದು ಹಮಾಲನಿಗೆ ಪಾಠ ಹೇಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೊದಲು ಬದಲಾಗಬೇಕಾದದ್ದು ಕೆಲಸ.

• ಸುಲಭದ ಬದಲಾವಣೆಗಳನ್ನು ಮೊದಲು ಕೇಳು. ಚೀಲವನ್ನು ನೆಲದ ಬದಲು ಸೊಂಟದ ಎತ್ತರದ ಕಟ್ಟೆಯ ಮೇಲೆ ಇಡುವುದು, ಲಾರಿಯ ಮಟ್ಟಕ್ಕೆ ಜಗುಲಿ ಕಟ್ಟುವುದು, ಕೈಗಾಡಿ ಉರುಳಲು ನೆಲ ಸಪಾಟು ಮಾಡುವುದು, ಎತ್ತುವವರೂ ಹೊರುವವರೂ ಪಾಳಿ ಬದಲಿಸಿಕೊಳ್ಳುವುದು, ನೆರಳು, ಕುಡಿಯುವ ನೀರು, ಬೇಸಿಗೆಯಲ್ಲಿ ನಡುಹಗಲು ಕೆಲಸ ನಿಲ್ಲಿಸುವುದು. ಯಾವುದು ಆದೀತು ಎಂದು ಅವರನ್ನೇ ಕೇಳು. ಹಳೆಯ ಹಮಾಲನಿಗೆ ಹೊಳೆಯುವ ಉಪಾಯ ನಮ್ಮ ಪುಸ್ತಕದಲ್ಲಿ ಎಷ್ಟೋ ಸಲ ಇರುವುದಿಲ್ಲ.

• ಬದಲಾವಣೆ ಆದ ಮೇಲೆ ಅದೇ ಕಾರ್ಡು ಹಿಡಿದು, ಅದೇ ಜನರನ್ನು, ಅದೇ ಹೊತ್ತಿನಲ್ಲಿ ಮತ್ತೆ ಕೇಳು. ಅಂಕಿ ಇಳಿದರೆ ಕೆಲಸ ಆಯಿತು. ಇಳಿಯದಿದ್ದರೆ ಖರ್ಚಾದದ್ದು ನಿಜ, ಉಪಕಾರ ಆಗಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆ.

• ಕಂಡುಕೊಂಡದ್ದನ್ನು ಮೊದಲು ಅವರಿಗೇ ಹೇಳು. ಊಟದ ಹೊತ್ತಿಗೆ ಹೋಗಿ ನಾಲ್ಕು ಚಿತ್ರ ತೋರಿಸಿ ತೆಲುಗಿನಲ್ಲಿ ವಿವರಿಸು. ಆಮೇಲೆ ಮಾರುಕಟ್ಟೆ ಸಮಿತಿಗೆ, ಗುತ್ತಿಗೆದಾರರಿಗೆ, ಕಾರ್ಮಿಕ ಇಲಾಖೆಗೆ ಕೊಡು. ನಿನ್ನ ಪದವಿಗೆ ಬೇಕಾದ ಪ್ರಬಂಧ ಕೊನೆಗೆ ಬರಲಿ.

• ಇಲ್ಲಿಗೆ ವಾಪಸ್ಸು ಬಂದ ಮೇಲೆ ಯಶವಂತಪುರದ ಮಂಡಿಗೆ ಹೋಗು, ಹುಬ್ಬಳ್ಳಿಯ ಅಮರಗೋಳಕ್ಕೆ ಹೋಗು, ಮಂಗಳೂರಿನ ಬಂದರಿಗೆ ಹೋಗು. ಚೀಲ ಅದೇ, ಬೆನ್ನು ಬೇರೆ. ಕಾರ್ಡನ್ನು ಕನ್ನಡದಲ್ಲಿ ಬರೆದು ಅಲ್ಲಿಯೂ ಕೇಳು.

ಮಗಳೇ, ನಾವು ತಿನ್ನುವ ಅಕ್ಕಿ, ಮನೆಗೆ ಹಾಕಿಸಿದ ಸಿಮೆಂಟು, ಹೊಲಕ್ಕೆ ಎರಚಿದ ಗೊಬ್ಬರ, ಪ್ರತಿ ಚೀಲವನ್ನೂ ಯಾರೋ ಒಬ್ಬರು ಬೆನ್ನ ಮೇಲೆ ಹೊತ್ತಿದ್ದಾರೆ. ನಿಮಗೆ ಎಷ್ಟು ಕಷ್ಟವಾಯಿತು ಎಂದು ಅವರನ್ನು ಕೇಳಿದವರು ಬಹಳ ಕಡಿಮೆ. ನೀನು ಕೇಳುತ್ತಿದ್ದೀಯ, ಸಂತೋಷ. ಕೇಳಿದ ಮೇಲೆ ಆ ಭಾರ ಒಂದಿಷ್ಟಾದರೂ ಇಳಿಯುವವರೆಗೆ ನಿನ್ನ ಕೆಲಸ ಮುಗಿಯಿತು ಎಂದುಕೊಳ್ಳಬೇಡ.